ಹದಿನಾರಾಣೆ ಭಯ

ಚಂದಕವಾಡಿ
14 ಏಪ್ರಿಲ್ 2006

ಶಬೀನಾ,

ರಜೆ ಶುರುವಾಗಿ ವಾರವಾಯಿತು, ನಿನ್ನಿಂದ ಒಂದು ಗೀಟೂ ಇಲ್ಲ. ಇಪ್ಪತ್ತು ಮಾರ್ಕಿನ ಕೆಲಸ ನಿನ್ನನ್ನು ನಂಬಿಕೊಂಡರೆ ಮುಗಿದಂತೆಯೇ. ಅದಕ್ಕೇ ಮೊದಲ ಪತ್ರ ನಾನೇ ಬರೆಯುತ್ತಿದ್ದೇನೆ.

ಸಾಫ್ಟ್ ಸ್ಕಿಲ್ಸ್ ತರಬೇತಿಯ ಕೊನೆಯ ದಿನ ಶಾಂತರಾಜು ಸರ್ ಕೊಟ್ಟ ಹಾಳೆಯನ್ನು ನಾನು ಗೋಡೆಗೆ ಅಂಟಿಸಿದ್ದೇನೆ. ನಿನ್ನದು ಬಸ್ಸಿನಲ್ಲೇ ಕಳೆದಿರುತ್ತದೆ, ಆದ್ದರಿಂದ ಕೇಳಿಕೋ. ಜೊತೆಗಾರರು ರಜೆಯಲ್ಲಿ ಪತ್ರ ಬರೆದುಕೊಳ್ಳಬೇಕು. ಎದುರಿನವರು ಹೇಳಿದ್ದನ್ನು ಮೊದಲು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಸಲಹೆ ಕೊಡಬಾರದು. ಸರಿ, ತಪ್ಪು ಎನ್ನಬಾರದು. ಮೂರನೆಯವರ ಮಾತು ತಂದು ನಡುವೆ ಹಾಕಬಾರದು. ಇದರ ಜೊತೆಗೆ ಕ್ಲಾಸಿನಲ್ಲಿ ಕಲಿತ ಒಂದು ತಂತ್ರವನ್ನು ಮನೆಯಲ್ಲಿ ಯಾರ ಮೇಲಾದರೂ ಮಾಡಿ ನೋಡಬೇಕು. ಜೂನ್ ಇಪ್ಪತ್ತಕ್ಕೆ ಬಂದ ಪತ್ರಗಳನ್ನೆಲ್ಲ ರೆಕಾರ್ಡಿಗೆ ಅಂಟಿಸಿ ಸರ್ ಕೈಗೆ ಕೊಡಬೇಕು. ಅವರು ಪ್ರತಿ ಸಾಲನ್ನೂ ಓದುತ್ತಾರೆ, ನೆನಪಿರಲಿ.

ನನಗೆ ಆಗಲೇ ಕೇಸು ಸಿಕ್ಕಿದೆ. ನಮ್ಮ ಮಾದೇವಣ್ಣ!

ಐದು ವರ್ಷದಿಂದ ಅವನು ಮದ್ದೂರಿನ ಕಡೆ ಕಾಡಿನಲ್ಲಿ ದಿನಗೂಲಿ ವಾಚರ್ ಎಂದು ನಿನಗೆ ಗೊತ್ತಲ್ಲ. ಹಬ್ಬಕ್ಕೂ ಬರದವನು ಮಾರ್ಚ್ ಕೊನೆಯಲ್ಲಿ ಬಂದ, ಇನ್ನೂ ಹೋಗಿಲ್ಲ. ಜ್ವರ ಅನ್ನುತ್ತಾನೆ. ಅವ್ವ ದಿನಾ ಕಷಾಯ ಕುದಿಸಿ ಕುಡಿಸುತ್ತಾಳೆ. ಮೈ ಮುಟ್ಟಿದರೆ ತಣ್ಣಗಿದೆ. ಮೊನ್ನೆ ಹಿತ್ತಲಲ್ಲಿ ಅವನ ಪಕ್ಕ ಕೂತು ಸರ್ ಹೇಳಿಕೊಟ್ಟಂತೆ ಏನೂ ಕೇಳದೆ ಸುಮ್ಮನಿದ್ದೆ. ಹತ್ತು ನಿಮಿಷ. ನಿನಗೆ ಸಾಧ್ಯವೇ ಅದು? ಆಮೇಲೆ ತಾನಾಗಿಯೇ ಬಾಯಿ ಬಿಟ್ಟ.

“ಮೂಗಯ್ಯಣ್ಣನ್ನ ಆನೆ ತುಳೀತಲ್ಲ, ನಾನು ಅಲ್ಲೇ ಇದ್ದೆ ಕಣಮ್ಮಿ. ಒಂದ್ ಅತ್ತು ಮಾರು ದೂರದಲ್ಲಿ ಮರ ತಬ್ಕಂಡು ನಿಂತಿದ್ದೆ. ಕೂಗ್ಕಳಕೂ ಬಾಯಿ ಬರ್ನಿಲ್ಲ. ಯಾರ್ಗೂ ಯೋಳ್ಬ್ಯಾಡ. ಜರ ಅಂತ್ಲೇ ಇರ್ಲಿ.”

ಅವನ ಜೊತೆಯ ವಾಚರ್ ಮೂಗಯ್ಯ ಸತ್ತ ಸುದ್ದಿ ನಮಗೂ ಬಂದಿತ್ತು. ಅಣ್ಣ ಅದನ್ನು ಕಣ್ಣಾರೆ ಕಂಡವನೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಬಾಳೆ ಎಲೆ ಸೀಳಿದ ಸದ್ದಾದರೂ ಎದ್ದು ನಿಲ್ಲುತ್ತಾನೆ. ಜೂನ್ ಒಂದಕ್ಕೆ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ತೆರಕಣಾಂಬಿಯಲ್ಲಿ ಚಿಕ್ಕಪ್ಪನ ಹಿಟ್ಟಿನ ಗಿರಣಿ ಇದೆ, ಅಲ್ಲಿಗೆ ಬಾ ಎಂದು ಅವರು ಕರೆಯುತ್ತಲೇ ಇದ್ದಾರೆ. ಇವತ್ತಲ್ಲ ನಾಳೆ ಪರ್ಮನೆಂಟ್ ಆಗುವ ಕೆಲಸ ಬಿಟ್ಟು ಗಿರಣಿಗೆ ಹೋಗುವುದು ಅಪ್ಪನಿಗೆ ಇಷ್ಟವಿಲ್ಲ. ನನಗೂ ಇಲ್ಲ. ಹೆದರಿಕೊಂಡು ಕೆಲಸ ಬಿಟ್ಟವನ ತಂಗಿ ಸೈಕಾಲಜಿ ಓದಿ ಏನು ಬಂತು?

ಭಯದ ಏಣಿ ಕಲಿತೆವಲ್ಲ, ಕಡಿಮೆ ಹೆದರಿಸುವ ಸಂಗತಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿಸುವುದು, ಪ್ರತಿ ಮೆಟ್ಟಿಲಿನಲ್ಲೂ ಉಸಿರು ನಿಧಾನ ಮಾಡಿಸುವುದು, ಅದನ್ನೇ ಅವನ ಮೇಲೆ ಮಾಡುತ್ತೇನೆ. ರೆಕಾರ್ಡಿನಲ್ಲಿ ಅವನ ಹೆಸರು ತೆಗೆದು ‘ಎಂ’ ಎಂದು ಹಾಕಿದರೆ ಗುಟ್ಟು ಕಾಪಾಡಿದಂತೆ ಎಂದು ಸರ್ ಹೇಳಿದ್ದಾರೆ.

ನಿನ್ನ ಕುಮಾರಿ


ಗುಂಡ್ಲುಪೇಟೆ
22 ಏಪ್ರಿಲ್ 2006

ಪ್ರೀತಿಯ ಕುಮಾರಿ,

ನೀನು ಹೇಳಿದ್ದು ಹೀಗೆ ಎಂದು ನನಗೆ ಅರ್ಥವಾಯಿತು: ನಿಮ್ಮಣ್ಣ ಒಂದು ಸಾವನ್ನು ಹತ್ತಿರದಿಂದ ಕಂಡು ಹೆದರಿದ್ದಾರೆ, ಆ ಭಯವನ್ನು ಇಳಿಸಿ ಅವರನ್ನು ಕೆಲಸಕ್ಕೆ ಕಳಿಸಬೇಕೆಂದು ನಿನಗೆ ಅನ್ನಿಸುತ್ತಿದೆ.

ನೋಡಿದೆಯಾ, ಎಷ್ಟು ನಯವಾಗಿ ಬಂತು? ನನ್ನ ಹಾಳೆ ಕಳೆದಿಲ್ಲ ತಾಯಿ, ಕುರಾನಿಡುವ ಗೂಡಿನ ಪಕ್ಕದಲ್ಲೇ ಭದ್ರವಾಗಿದೆ. ತರಬೇತಿಯ ಮೂರನೇ ದಿನ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೇಳಿದ್ದು ನಿನಗೆ ನೆನಪಿರಬೇಕು. “ಶಬೀನಾ ಒಳ್ಳೆ ಹುಡುಗಿ. ಆದರೆ ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತಾಳೆ. ಹಾಗೆ ಮಾಡು, ಹೀಗೆ ಮಾಡು ಅನ್ನುತ್ತಾಳೆ. ಇದು ಕೌನ್ಸೆಲಿಂಗ್ ಅಲ್ಲಮ್ಮ, ಪಂಚಾಯ್ತಿ ಕಟ್ಟೆ.” ಇಡೀ ಕ್ಲಾಸು ನಕ್ಕಿತು. ನೀನೂ ನಕ್ಕೆ. ನಾನೂ ನಕ್ಕೆ. ಆಮೇಲೆ ಹಾಸ್ಟೆಲ್ಲಿನ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ, ಅದು ನಿನಗೆ ಗೊತ್ತಿಲ್ಲ. ಈ ಸಲ ಬಾಯಿಗೆ ಬೀಗ ಜಡಿದಿದ್ದೇನೆ. ಬೀಗ ರಿಪೇರಿ ಮಾಡುವವನ ಮಗಳು, ಅಷ್ಟೂ ಬರದಿದ್ದರೆ ಹೇಗೆ?

ಇದರ ಮೇಲಿನ ಒಂದು ಸಾಲನ್ನು ಕಾಣದ ಹಾಗೆ ಮಸಿ ಹೊಡೆದಿದ್ದೇನೆ. ಅಭ್ಯಾಸಬಲ, ಬರೆದುಬಿಟ್ಟೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಅಬ್ಬಾ ಆರಾಮಾಗಿದ್ದಾರೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಈಗ ಸ್ಟವ್ವಿಗಿಂತ ಟಾರ್ಚ್ ರಿಪೇರಿಯೇ ಹೆಚ್ಚು. ಕಾಡಿನ ವಾಚರುಗಳೆಲ್ಲ ಅಲ್ಲಿಗೇ ಬರುತ್ತಾರೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯಬೇಕಂತೆ. ನಾನು ಮಧ್ಯಾಹ್ನ ಅಬ್ಬಾಗೆ ಊಟ ತೆಗೆದುಕೊಂಡು ಹೋಗಿ ಗಲ್ಲಾದ ಹಿಂದೆ ಕೂತು ಯಾರಿಗೂ ಸಲಹೆ ಕೊಡದೆ ಅಭ್ಯಾಸ ಮಾಡುತ್ತೇನೆ. ಕಷ್ಟ ಕಣೇ. ಒಬ್ಬ ಬಂದು, ಹೆಂಡತಿ ಊರಿಗೆ ಹೋದವಳು ಬಂದಿಲ್ಲ ಅಂದ. ನಾನು “ನಿಮಗೆ ಬೇಜಾರಾಗಿದೆ” ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೊಡೆ ಎತ್ತಿಕೊಂಡು ಹೊರಟುಹೋದ.

ಶಬೀನಾ


ಚಂದಕವಾಡಿ
3 ಮೇ 2006

ಶಬೀನಾ,

ನೀನು ಹೇಳಿದ್ದು ಹೀಗೆ ಎಂದು ನನಗೆ ಅರ್ಥವಾಯಿತು: ನೀನು ತುಂಬಾ ಸುಧಾರಿಸಿದ್ದೀಯ, ಅದನ್ನು ಎಲ್ಲರೂ ಮೆಚ್ಚಬೇಕು. ಮೆಚ್ಚಿದೆ ಬಿಡು.

ಇಲ್ಲಿ ಕೆಲಸ ಜೋರಾಗಿ ನಡೆದಿದೆ. ನೂರಕ್ಕೆ ಎಷ್ಟು ಭಯ ಎಂದು ಕೇಳಿದರೆ ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ನಮ್ಮಜ್ಜಿ ಇದ್ದಾಗ ಮಳೆಯನ್ನೂ ಹೊಟ್ಟೆನೋವನ್ನೂ ಆಣೆಯಲ್ಲಿ ಹೇಳುತ್ತಿದ್ದಳು. ಇವತ್ತು ಮಳೆ ಎಂಟಾಣೆ ಬಂತು, ನೋವು ನಾಲ್ಕಾಣೆ ಇಳಿಯಿತು ಎಂದು. ನಾನೂ ಹಾಗೇ ಮಾಡಿದೆ. ಹದಿನಾರಾಣೆ ಎಂದರೆ ಪೂರ್ತಿ ಭಯ. ಅಣ್ಣನಿಗೆ ತಟ್ಟನೆ ಅರ್ಥವಾಯಿತು. ಈ ಉಪಾಯವನ್ನು ಸರ್ ಯಾವ ಪುಸ್ತಕದಲ್ಲೂ ಓದಿರುವುದಿಲ್ಲ.

ಮೊದಲ ಮೆಟ್ಟಿಲು ಊದುಬತ್ತಿ ಪ್ಯಾಕೆಟ್ಟಿನ ಮೇಲಿನ ಆನೆ ಚಿತ್ರ. ಎರಡನೆಯದು ಕಣ್ಣು ಮುಚ್ಚಿ ಕಾಡಿನ ದಾರಿ ನೆನೆಸಿಕೊಳ್ಳುವುದು. ಮೂರನೆಯದಕ್ಕೆ ಅವನ ಬೆನ್ನ ಹಿಂದೆ ನಿಂತು ಒಣ ಬಿದಿರು ಮುರಿದೆ. ಅವತ್ತು ಮೂಗಯ್ಯ ಸಾಯುವ ಮೊದಲು ಅಣ್ಣನಿಗೆ ಕೇಳಿಸಿದ್ದು ಅದೇ ಸದ್ದಂತೆ. ಮೊದಲ ಸಲ ಅಣ್ಣ ಕೂತಲ್ಲೇ ಮುದುಡಿ ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡ. “ಅದ್ನಾರಾಣೆ ಕಣಮ್ಮಿ, ಸಾಕು ಬುಡು” ಅಂದ. ನಾನು ಬಿಡಲಿಲ್ಲ. ನಡುವೆ ಬಿಟ್ಟರೆ ಭಯ ಇನ್ನೂ ಬಲಿಯುತ್ತದೆ ಎಂದು ಸರ್ ಹೇಳಿದ್ದಾರಲ್ಲ. ಉಸಿರು ಎಳೆಸಿದೆ, ಬಿಡಿಸಿದೆ, ಮತ್ತೆ ಮುರಿದೆ. ದಿನಕ್ಕೆ ಐದು ಸಲ. ಹಿತ್ತಲಿನ ಬಿದಿರೆಲ್ಲ ಪುಡಿಯಾಗಿದೆ ಎಂದು ಅಪ್ಪ ಬೈದರು.

ಒಂದು ದಿನ ಹಟ ಮಾಡಿ ಕೂತುಬಿಟ್ಟ, ಇದೆಲ್ಲ ಬೇಡ ಅಂದ. ನಾನು ಮುಖ ಸಣ್ಣ ಮಾಡಿಕೊಂಡು, “ಸರಿ ಬಿಡಣ್ಣ, ನಿನ್ನ ಭಯ ಇಳೀಲಿಲ್ಲ ಅಂದ್ರೆ ನಾನು ಫೇಲು” ಅಂದೆ. ಸುಮ್ಮನೆ ಹೆದರಿಸಿದ್ದು. ಎಷ್ಟು ಚೆನ್ನಾಗಿ ನಾಟಿತು ಗೊತ್ತಾ? “ಫೇಲಾಗ್ಬುಡ್ತೀಯಾ?” ಎಂದು ಎರಡು ಸಲ ಕೇಳಿದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಫೇಲು ಅಂದರೆ ಅವನಿಗೆ ಆನೆಗಿಂತ ದೊಡ್ಡದು. ಅವತ್ತಿನಿಂದ ಒಳ್ಳೆ ಹುಡುಗನ ಹಾಗೆ ಕೂರುತ್ತಾನೆ. ಹದಿನಾರು ಹನ್ನೆರಡಾಯಿತು, ಹನ್ನೆರಡು ಒಂಬತ್ತಾಯಿತು. ಪ್ರತಿ ಸಲ ಆಣೆ ಹೇಳುವ ಮೊದಲು ನನ್ನ ಪೆನ್ನನ್ನೇ ನೋಡುತ್ತಾನೆ. ಬರೆಯುವುದರಲ್ಲಿ ಅವನಿಗೂ ಆಸಕ್ತಿ ಬಂದಿದೆ.

ಕುಮಾರಿ


ಗುಂಡ್ಲುಪೇಟೆ
11 ಮೇ 2006

ಕುಮಾರಿ,

ನೀನು ಹೇಳಿದ್ದು ಹೀಗೆ ಎಂದು ನನಗೆ ಅರ್ಥವಾಯಿತು: ನಿಮ್ಮಣ್ಣ ಮೊದಲು ಬೇಡ ಎಂದರು, ಆಮೇಲೆ ಒಪ್ಪಿದರು, ಈಗ ಅವರ ಭಯ ಒಂಬತ್ತಾಣೆಗೆ ಇಳಿದಿದೆ. ನಿನಗೆ ಇದರಿಂದ ಹೆಮ್ಮೆಯಾಗಿದೆ.

ಪ್ರಶ್ನೆ ಕೇಳುವುದಕ್ಕೆ ಅವಕಾಶ ಇದೆ ಅಲ್ಲವೇ? ಹೌದು, ಇಲ್ಲ ಎಂದು ಮುಗಿಯದ ಪ್ರಶ್ನೆಯಾಗಿದ್ದರೆ ಸಾಕು ಎಂದು ಸರ್ ಹೇಳಿದ್ದರು. ನನ್ನದು ಒಂದೇ ಇದೆ. ಅವರು ಒಂಬತ್ತಾಣೆ ಎಂದ ಹೊತ್ತಿನಲ್ಲಿ ಅವರ ಕೈ ಹೇಗಿತ್ತು?

ಶಬೀನಾ


ಚಂದಕವಾಡಿ
24 ಮೇ 2006

ಶಬೀನಾ,

ನೀನು ಹೇಳಿದ್ದು ಹೀಗೆ ಎಂದು ನನಗೆ ಅರ್ಥವಾಯಿತು: ನನ್ನ ಕೆಲಸದ ಮೇಲೆ ನಿನಗೆ ಅನುಮಾನ ಇದೆ. ಅದನ್ನು ಪ್ರಶ್ನೆಯ ವೇಷದಲ್ಲಿ ಕಳಿಸಿದ್ದೀಯ. ಕೈ ಕೈಯ ಹಾಗೇ ಇತ್ತು.

ಬೇಜಾರು ಮಾಡಿಕೊಳ್ಳಬೇಡ, ಆದರೆ ನೀನಿನ್ನೂ ಪೂರ್ತಿ ಬದಲಾಗಿಲ್ಲ. ಸೋಮವಾರ ಚಾಮರಾಜನಗರಕ್ಕೆ ಹೋಗಿ ಸರ್‌ಗೆ ರೆಕಾರ್ಡು ತೋರಿಸಿದೆ. ಆಣೆ ಲೆಕ್ಕ ನೋಡಿ ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ನಿನಗೆ ಇದು ಹುಟ್ಟಿನಿಂದ ಬಂದಿದೆ ಕುಮಾರಿ” ಎಂದರು. ಮುಂದಿನ ವರ್ಷದ ಮಕ್ಕಳ ಮುಂದೆ ಇದನ್ನು ಹೇಳಿಸುತ್ತಾರಂತೆ.

ನಿನ್ನೆ ಐದನೇ ಮೆಟ್ಟಿಲು. ಅಣ್ಣನಿಗೆ ಖಾಕಿ ಅಂಗಿ ಹಾಕಿಸಿ ಬಸ್ಸಿನಲ್ಲಿ ಮದ್ದೂರಿನವರೆಗೆ ಕರೆದುಕೊಂಡು ಹೋಗಿದ್ದೆ. ಗುಂಡ್ಲುಪೇಟೆಯಲ್ಲಿ ಇಳಿದು ನಿಮ್ಮನೆಗೆ ಬರಬೇಕೆಂದಿದ್ದೆ, ಕೇರಳದ ಬಸ್ಸು ತಕ್ಷಣ ಸಿಕ್ಕಿತು. ಮದ್ದೂರಿನಲ್ಲಿ ಇಳಿದು ರಸ್ತೆಯ ಅಂಚಿನಲ್ಲಿ ಕಾಡಿಗೆ ಮುಖ ಮಾಡಿ ಅರ್ಧ ಗಂಟೆ ನಿಂತೆವು. ಅಣ್ಣ ಅಲುಗದೆ ಅಷ್ಟು ಶಾಂತವಾಗಿ ನಿಂತಿದ್ದ. ಎಷ್ಟಣ್ಣ ಎಂದೆ. “ಎಲ್ಡಾಣೆ” ಅಂದ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಬರುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ. ಡೀಸೆಲ್ ವಾಸನೆ ಅವನಿಗೆ ಮೊದಲಿನಿಂದಲೂ ಆಗುವುದಿಲ್ಲ.

ಜೂನ್ ಒಂದಕ್ಕೆ ಹೊರಡುತ್ತಾನೆ. ಕೊನೆಯ ಮೆಟ್ಟಿಲು ಒಂದೇ ಬಾಕಿ, ಮೂಗಯ್ಯ ಬಿದ್ದ ಜಾಗದಲ್ಲಿ ಹೋಗಿ ನಿಲ್ಲುವುದು. ಅದನ್ನು ಅವನೇ ಮಾಡಿ ಬಂದು ಹೇಳುತ್ತಾನೆ.

ಕುಮಾರಿ


ಗುಂಡ್ಲುಪೇಟೆ
12 ಜೂನ್ 2006

ಪ್ರೀತಿಯ ಕುಮಾರಿ,

ನೀನು ಹೇಳಿದ್ದು ಹೀಗೆ ಎಂದು ನನಗೆ ಅರ್ಥವಾಯಿತು: ನಿನ್ನ ಪ್ರಯತ್ನದಿಂದ ನಿಮ್ಮಣ್ಣನ ಭಯ ಎರಡಾಣೆಗೆ ಇಳಿದಿದೆ, ಅವರು ಕೆಲಸಕ್ಕೆ ಮರಳಿದ್ದಾರೆ. ನನ್ನ ಪ್ರಶ್ನೆಯಿಂದ ನಿನಗೆ ನೋವಾಗಿದೆ. ನಿನ್ನ ಜಾಗದಲ್ಲಿದ್ದರೆ ನನಗೂ ಹಾಗೇ ಆಗುತ್ತಿತ್ತು.

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ನಿಮ್ಮಣ್ಣನ ಟಾರ್ಚ್ ನಮ್ಮ ಅಂಗಡಿಗೆ ರಿಪೇರಿಗೆ ಬಂದಿತ್ತು. ಜೊತೆಯ ವಾಚರ್ ಚಿಕ್ಕಣ್ಣ ಎಂಬುವರು ತಂದಿದ್ದರು. ಸ್ವಿಚ್ಚು ಹೋಗಿತ್ತು. ಅಬ್ಬಾ ಹೊಸದು ಹಾಕಿಕೊಟ್ಟರು. ಈಗ ಚೆನ್ನಾಗಿ ಉರಿಯುತ್ತದೆ.

ನಿನ್ನ ರೆಕಾರ್ಡಿಗೆ ಶುಭವಾಗಲಿ.

ಶಬೀನಾ


ಚಂದಕವಾಡಿ
16 ಜೂನ್ 2006

ಶಬೀನಾ,

ಇದು ರೆಕಾರ್ಡಿಗೆ ಸೇರುವ ನನ್ನ ಕೊನೆಯ ಪತ್ರ. ನಿನ್ನ ಪತ್ರ ಎಷ್ಟು ಚೆನ್ನಾಗಿತ್ತು ಗೊತ್ತಾ? ಒಂದೇ ಒಂದು ಸಲಹೆ ಇಲ್ಲ, ಒಂದು ಚುಚ್ಚುಮಾತೂ ಇಲ್ಲ. ಕಡೆಗೂ ನೀನು ಕಲಿತೆ. ಎರಡು ಸಲ ಓದಿ ಅಂಟಿಸಿದೆ.

ಅಣ್ಣ ಮೊನ್ನೆ ಒಂದು ದಿನದ ಮಟ್ಟಿಗೆ ಬಂದಿದ್ದ. ಸ್ವಲ್ಪ ಇಳಿದುಹೋಗಿದ್ದಾನೆ, ಕ್ಯಾಂಪಿನ ಊಟ ಹಾಗೇ. ಮೂಗಯ್ಯ ಬಿದ್ದ ಜಾಗದಲ್ಲಿ ನಿಂತು ಬಂದನಂತೆ. ನಾನು ಪೆನ್ನು ಹಿಡಿದು ಕೂತೆ. “ಒಂದಾಣೆ” ಅಂದ. ಸೊನ್ನೆ ಆಗಲಿಲ್ಲವಾ ಎಂದೆ. ನಕ್ಕುಬಿಟ್ಟ. “ಒಂದಾಣೆ ಇರ್ಲಿ ಬುಡು ಕಣಮ್ಮಿ. ಪೂರಾ ಇಲ್ಲ ಅಂದ್ರೆ ನಿಮ್ಮೇಷ್ಟ್ರು ನಂಬಾಕಿಲ್ಲ.” ಎಷ್ಟು ದಿನವಾಗಿತ್ತು ಅವನು ಹೀಗೆ ತಮಾಷೆ ಮಾಡಿ! ಅವ್ವ ಒಳಗಿನಿಂದ ಬಂದು, ಏನು ನಗು ಅದು ಎಂದು ತಾನೂ ನಕ್ಕಳು.

ಜುಲೈನಲ್ಲಿ ಕ್ಲಾಸಿನಲ್ಲಿ ಸಿಗೋಣ.

ನಿನ್ನ ಕುಮಾರಿ


ಗುಂಡ್ಲುಪೇಟೆ
9 ಜುಲೈ 2006

ಕುಮಾರಿ,

ಏನು ಬರೆಯಲಿ?

ಮೂವತ್ತನೇ ತಾರೀಕು ಸಂಜೆಯೇ ಅಂಗಡಿಗೆ ಸುದ್ದಿ ಬಂತು. ಯಾರೋ ವಾಚರನ್ನು ಆನೆ ತುಳಿಯಿತು ಅಂದರು. ಮಾದೇವ ಎಂದು ಗೊತ್ತಾಗುವ ಹೊತ್ತಿಗೆ ಅಬ್ಬಾ ಅಂಗಡಿ ಬಾಗಿಲು ಎಳೆದಿದ್ದರು. ಮಾರನೆಯ ದಿನ ನಾವಿಬ್ಬರೂ ನಿಮ್ಮೂರಿಗೆ ಬಂದಿದ್ದೆವು. ನಿಮ್ಮವ್ವ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನೀನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ. ನಿನಗೆ ಕೇಳಿಸಿತ್ತು, ನಿನ್ನ ಭುಜ ಅಲುಗಿತು. ನೀನು ತಿರುಗಲಿಲ್ಲ. ನಾನು ಒಳಗೆ ಬರಲಿಲ್ಲ. ಬರಬೇಕಾಗಿತ್ತು.

ಕ್ಲಾಸು ಶುರುವಾಗಿದೆ. ನಿನ್ನ ಜಾಗ ಹಾಗೇ ಬಿಟ್ಟಿದ್ದೇನೆ, ಬ್ಯಾಗ್ ಕೂಡ ಇಡುವುದಿಲ್ಲ. ಈ ವಾರ ರಜೆ ಹಾಕಿ ಊರಿಗೆ ಬಂದಿದ್ದೇನೆ, ಅಲ್ಲಿ ಕೂರಲು ಆಗಲಿಲ್ಲ. ಯಾವ ನಿಯಮವೂ ಇಲ್ಲದೆ ಬರೆಯುತ್ತಿರುವ ಮೊದಲ ಪತ್ರ ಇದು, ಆದರೂ ಕೈ ಓಡುತ್ತಿಲ್ಲ.

ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಶಬೀನಾ


ಚಂದಕವಾಡಿ
2 ಆಗಸ್ಟ್ 2006

ಶಬೀನಾ,

ಸರ್ ಮೊನ್ನೆ ಮನೆಗೆ ಬಂದಿದ್ದರು. ಹಣ್ಣು ತಂದಿದ್ದರು. ರೆಕಾರ್ಡನ್ನೂ ತಂದಿದ್ದರು. ಜುಲೈ ಇಪ್ಪತ್ತೆಂಟಕ್ಕೆ ಎಲ್ಲರಿಗೂ ಕೊಟ್ಟರಂತೆ. ಇಪ್ಪತ್ತಕ್ಕೆ ಹತ್ತೊಂಬತ್ತು ಬಂದಿದೆ. ಅಣ್ಣ ಬದುಕಿರುವಾಗಲೇ ತಿದ್ದಿಟ್ಟಿದ್ದರಂತೆ. ಆಮೇಲೆ, ಆಕಸ್ಮಿಕವೇ ಬೇರೆ, ನಿನ್ನ ಕೆಲಸವೇ ಬೇರೆ, ಎರಡನ್ನೂ ಸೇರಿಸಬೇಡ ಎಂದರು. ನಾನು ತಲೆ ಆಡಿಸಿದೆ. ಕಣ್ಣಲ್ಲಿ ಕಣ್ಣಿಟ್ಟು, ಕೈ ಕಟ್ಟದೆ, ಎಲ್ಲ ಕಲಿಸಿದ ಹಾಗೇ ಕೇಳಿಸಿಕೊಂಡೆ.

ಅವರು ಹೋದಮೇಲೆ ಕೂತು ರೆಕಾರ್ಡು ಓದಿದೆ. ನನ್ನ ಏಣಿಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಅದ್ಭುತ’ ಎಂದಿದೆ. ನಿನ್ನ ಜೂನ್ ಹನ್ನೆರಡರ ಪತ್ರದ ಪಕ್ಕದಲ್ಲಿ, ‘ಶಬೀನಾಳಲ್ಲಿ ಗಮನಾರ್ಹ ಸುಧಾರಣೆ. ಆಲಿಸುವುದನ್ನು ಕಲಿತಿದ್ದಾಳೆ’ ಎಂದಿದೆ.

ನನಗೆ ಗೊತ್ತು ಶಬೀನಾ, ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ ಅಷ್ಟೇ. ಅಣ್ಣನ ಜೊತೆಯಲ್ಲಿದ್ದ ಭಯ ಅವನನ್ನು ಕಾಯುತ್ತಿತ್ತು. ಕಾಡಿನಲ್ಲಿ ಆನೆಗೆ ಹೆದರುವುದು ಕಾಯಿಲೆಯಲ್ಲ, ಅದು ಬುದ್ಧಿ. ನಾನು ಅದನ್ನು ಕಾಯಿಲೆ ಅಂದುಕೊಂಡು ಹದಿನೈದಾಣೆ ಕಿತ್ತು ಹಾಕಿದೆ. ಹೆದರಿದ್ದರೆ ಓಡುತ್ತಿದ್ದ, ಚಿಕ್ಕಣ್ಣ ಓಡಿ ಉಳಿದುಕೊಂಡನಲ್ಲ. ನಮ್ಮಣ್ಣ ಓಡಲಿಲ್ಲವಂತೆ. ನಿಂತೇ ಇದ್ದನಂತೆ. ಹೆದರದವನು ಯಾಕೆ ಓಡುತ್ತಾನೆ?

ಅವನನ್ನು ಕೊಂದದ್ದು ನಾನು. ಇದಕ್ಕೆ ನೀನು ‘ಹಾಗಲ್ಲ’ ಎನ್ನಬೇಡ. ‘ನಿನಗೆ ಹೀಗೆ ಅನ್ನಿಸುತ್ತಿದೆ’ ಎಂದೂ ಬರೆಯಬೇಡ. ಆ ಮಾತು ಕಂಡರೆ ಪತ್ರ ಹರಿದು ಹಾಕುತ್ತೇನೆ.

ಒಂದನ್ನು ಮಾತ್ರ ಹೇಳು. ನಿನ್ನ ಮೊದಲ ಪತ್ರದಲ್ಲಿ ಮಸಿ ಹೊಡೆದ ಸಾಲನ್ನು ಬಿಸಿಲಿಗೆ ಹಿಡಿದು ನೋಡಿದೆ, ದೀಪಕ್ಕೆ ಹಿಡಿದು ನೋಡಿದೆ. ಕಾಣಲಿಲ್ಲ. ಏನಿತ್ತು ಅದರಲ್ಲಿ? ನಿನಗೆ ಮೊದಲೇ ಏನಾದರೂ ಅನ್ನಿಸಿತ್ತಾ? ನಿಜ ಬರೆ. ಈಗ ಓದುವವರು ಯಾರೂ ಇಲ್ಲ, ಮಾರ್ಕೂ ಇಲ್ಲ.

ಕುಮಾರಿ


ಗುಂಡ್ಲುಪೇಟೆ
13 ಆಗಸ್ಟ್ 2006

ಕುಮಾರಿ,

ಆ ಸಾಲಿನಲ್ಲಿದ್ದದ್ದು ಇಷ್ಟೇ: ‘ಸುಮ್ಮನೆ ಅವರನ್ನು ತೆರಕಣಾಂಬಿಯ ಗಿರಣಿಗೆ ಕಳಿಸು ಕಣೇ.’

ಬರೆದ ಕೂಡಲೇ ಕ್ಲಾಸಿನ ನಗು ಕಿವಿಯಲ್ಲಿ ಕೇಳಿಸಿತು. ಪೆನ್ನು ಮುರಿಯುವಷ್ಟು ಒತ್ತಿ ಹೊಡೆದೆ.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇನ್ನೊಂದಿದೆ. ಅದನ್ನು ಹೇಳಿದರೆ ನಿನ್ನ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಬಹುದು, ನೀನು ನನ್ನ ಮುಖ ನೋಡುವುದನ್ನು ಬಿಡಬಹುದು. ಎರಡಕ್ಕೂ ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ಜೂನ್ ಎಂಟಕ್ಕೆ ಚಿಕ್ಕಣ್ಣ ಟಾರ್ಚ್ ತಂದಾಗ ನಾನು ಅಂಗಡಿಯಲ್ಲಿದ್ದೆ. ಮಾದೇವನ ತಂಗಿ ನನ್ನ ಗೆಳತಿ ಎಂದು ಅಬ್ಬಾ ಹೇಳಿದರು. ಚಿಕ್ಕಣ್ಣ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಒಂದೂ ಮರೆತಿಲ್ಲ.

“ಏನ್ ಯೋಳನವ್ವ, ಆ ಮಾದೇವ ಅನ್ನ ಮುಟ್ಟಾಕಿಲ್ಲ. ಒಂದ್ ಎಲೆ ಅಲ್ಲಾಡುದ್ರೆ ಮೈಯೆಲ್ಲ ನಡುಗ್ತದೆ. ಕೈ ನಡುಗಿ ನಡುಗಿ ಈ ಬ್ಯಾಟ್ರಿ ಸ್ವಿಚ್ಚು ಕಿತ್ತೋಗದೆ ನೋಡಿ. ಓಗ್ಲಾ ಮನೆಗೆ, ಗಿರಣಿ ಸೇರ್ಕಳ್ಲಾ ಅಂದ್ರೆ, ಆಗಾಕಿಲ್ಲ ಕಣ್ಲಾ ಅಂತಾನೆ. ನಮ್ಮುಡ್ಗಿ ಪುಸ್ತಕದಲ್ಲಿ ನನ್ ಭಯ ಇಳ್ಸಿ ಇಳ್ಸಿ ಬರ್ದವ್ಳೆ, ನಾನ್ ವಾಪಸ್ ಓದ್ರೆ ಬರ್ದಿದ್ದೆಲ್ಲ ಸುಳ್ಳಾಯ್ತದೆ, ಅವ್ಳು ಫೇಲಾಯ್ತಾಳೆ ಅಂತಾನೆ. ಅವ್ಳ ಮಾರ್ಕ್ಸ್ ಬಂದ್ಬುಡ್ಲಿ, ಆಮ್ಯಾಕೆ ಬುಟ್ಬುಡ್ತೀನಿ ಅಂತ ದಿನ ಎಣಿಸ್ತಾವ್ನೆ. ಅವ್ನ ತಂಗಿಗೆ ಯೋಳ್ಬ್ಯಾಡಿ, ನನ್ ಮ್ಯಾಲೆ ಆಣೆ ಆಕ್ಸವ್ನೆ. ಆದ್ರೆ ನೀವು ಓದ್ದೋರು, ಏನಾರ ಒಂದ್ ದಾರಿ ನೋಡಿ.”

ಅವತ್ತೇ ನಿನಗೆ ಬರೆದೆ. ‘ಈಗಲೇ ಹೋಗಿ ಅಣ್ಣನನ್ನು ಕರೆದುಕೊಂಡು ಬಾ’ ಎಂದು. ಲಕೋಟೆಗೆ ಹಾಕಿದೆ. ಆಮೇಲೆ ಗೂಡಿನ ಪಕ್ಕದ ಹಾಳೆ ಕಣ್ಣಿಗೆ ಬಿತ್ತು. ಸಲಹೆ ಕೊಡಬಾರದು. ಮೂರನೆಯವರ ಮಾತು ತರಬಾರದು. ಒಬ್ಬರು ಹೇಳಬೇಡ ಅಂದದ್ದನ್ನು ಹೇಳಬಾರದು. ಕೈ ಹೇಗಿತ್ತು ಎಂದು ಕೇಳಿದ್ದಕ್ಕೇ ನೀನು ಅಷ್ಟು ಸಿಟ್ಟಾಗಿದ್ದೆ. ನಾಲ್ಕು ದಿನ ಆ ಲಕೋಟೆಯನ್ನು ಇಟ್ಟುಕೊಂಡು ಓಡಾಡಿದೆ, ನಾಲ್ಕನೇ ದಿನ ಹರಿದು ಆ ನಯವಾದ ಪತ್ರ ಬರೆದೆ. ಮಾರ್ಕ್ಸ್ ಬರುವವರೆಗೆ ತಾನೇ, ಇನ್ನೊಂದು ತಿಂಗಳು ಅಂದುಕೊಂಡೆ. ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಸರ್ ಒಂದು ಸಲ ನನ್ನನ್ನೂ ಹೊಗಳಲಿ ಅನ್ನಿಸಿತ್ತು. ಹೊಗಳಿದರಲ್ಲ, ಕೆಂಪು ಶಾಯಿಯಲ್ಲಿ.

ಆದ್ದರಿಂದ ಕುಮಾರಿ, ನೀನು ನಿಮ್ಮಣ್ಣನ ಭಯ ಕೀಳಲಿಲ್ಲ. ಅದು ಅವರ ಹತ್ತಿರವೇ ಇತ್ತು, ಹದಿನಾರಾಣೆಯೂ ಇತ್ತು. ಅವರು ನಿಂತದ್ದು ಹೆದರಲಿಲ್ಲ ಎಂದಲ್ಲ, ಕಾಲು ಏಳಲಿಲ್ಲ ಎಂದು. ತಪ್ಪು ನಿನ್ನದಲ್ಲ. ಗೊತ್ತಿದ್ದವಳು ನಾನು.

ಬೈಯುವುದಾದರೆ ಬೈ. ಬರಬೇಡ ಎಂದು ಬರೆದರೂ ಶುಕ್ರವಾರ ಬರುತ್ತೇನೆ.

ಶಬೀನಾ


ಚಂದಕವಾಡಿ
16 ಆಗಸ್ಟ್ 2006

ಶಬೀನಾ,

ಶುಕ್ರವಾರ ಬರಬೇಡ.

ಬೈಯಲು ಬರೆಯುತ್ತಿಲ್ಲ. ನಿನ್ನನ್ನು ಬೈದರೆ ನನಗೆ ಸ್ವಲ್ಪ ಹಗುರಾಗುತ್ತದೆ, ಅಷ್ಟು ಸುಖವೂ ನನಗೆ ಬೇಡ.

ನಿನ್ನ ಪತ್ರ ಓದಿದರೆ ಭಾರ ಇಳಿಯುತ್ತದೆ ಅಂದುಕೊಂಡೆಯಾ? ಇಲ್ಲಿಯವರೆಗೆ ನಮ್ಮಣ್ಣ ನನ್ನ ಮೂರ್ಖತನದಿಂದ ಸತ್ತ ಎಂದುಕೊಂಡಿದ್ದೆ. ಈಗ ನನ್ನ ಮೇಲಿನ ಪ್ರೀತಿಯಿಂದ ಸತ್ತ ಎಂದು ತಿಳಿಯಿತು. ಆಣೆ ಹೇಳುವ ಮೊದಲು ನನ್ನ ಪೆನ್ನನ್ನು ಯಾಕೆ ನೋಡುತ್ತಿದ್ದ ಎಂದೂ ತಿಳಿಯಿತು. ನಾನು ಎಷ್ಟು ಬರೆದರೆ ಪಾಸಾಗುತ್ತೇನೆ ಎಂದು ಅಂದಾಜು ಹಾಕುತ್ತಿದ್ದ. ಕೊನೆಯ ಒಂದಾಣೆಯನ್ನೂ ಸರ್ ನಂಬಲಿ ಎಂದೇ ಇಟ್ಟುಕೊಂಡ. ನಾನು ಅದನ್ನು ತಮಾಷೆ ಅಂದುಕೊಂಡು ನಿನಗೆ ಬರೆದು ಕಳಿಸಿದೆ.

ಇನ್ನೊಂದು ಇದೆ, ಅದಕ್ಕೇ ಈ ಪತ್ರ.

ಅಣ್ಣ ಹೋದಾಗಿನಿಂದ ಅವ್ವ ದಿನಾ ಸಂಜೆ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಒಂದೇ ಮಾತು ಕೇಳುತ್ತಾಳೆ. “ನನ್ ಮಗ ಎದ್ರುಕಂಡು ಸಾಯ್ನಿಲ್ಲ ಅಲ್ವಾ ಕಣಮ್ಮಿ? ನೀನೇ ಅಲ್ವಾ ಅವ್ನ ಭಯ ಎಲ್ಲ ಇಳ್ಸಿದ್ದು?” ನಾನು ಹೌದು ಎನ್ನುತ್ತಿದ್ದೆ. ಅಷ್ಟು ಕೇಳಿದ ಮೇಲೆಯೇ ಅವಳು ಎದ್ದು ಒಲೆ ಹಚ್ಚುವುದು, ಎರಡು ತುತ್ತು ತಿನ್ನುವುದು. ನನ್ನ ಓದಿನಿಂದ ಈ ಮನೆಗೆ ಆದ ಉಪಕಾರ ಅದೊಂದೇ, ಮತ್ತು ಅದು ನಿಜ ಎಂದು ನಾನು ನಂಬಿದ್ದೆ.

ಪೋಸ್ಟ್‌ಮನ್ ನಿನ್ನ ಪತ್ರ ತಂದದ್ದು ನಿನ್ನೆ ಮಧ್ಯಾಹ್ನ... ಅಲ್ಲ, ನಿನ್ನೆ ರಜೆ, ಇವತ್ತೇ. ದಿನಗಳೂ ನೆಟ್ಟಗೆ ನೆನಪಿರುವುದಿಲ್ಲ ಈಗ. ಸಂಜೆ ಅವ್ವ ಎಂದಿನಂತೆ ಕೇಳಿದಳು. ನಾನು ಅವಳ ಮುಖವನ್ನೇ ನೋಡಿದೆ. ಎಷ್ಟು ಹೇಳಿದರೆ ಇವಳು ಉಣ್ಣುತ್ತಾಳೆ ಎಂದು ನೋಡಿದೆ.

“ಒಂದಾಣೆನೂ ಇರ್ನಿಲ್ಲ ಕಣವ್ವ” ಅಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಲು ಒಳಗೆ ಹೋದಳು.

ಕುಮಾರಿ